ಸೋತ ತಂಡಕ್ಕೆ ಬಂದ ಹೊಸ ಗುರುವನ್ನು ಅಳೆಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ಪತ್ರಿಕೆಗಳಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದೆ. ಮೇಲ್ತುದಿಯಲ್ಲಿ ಕರಾವಳಿಯ ಜಿಲ್ಲೆಗಳು, ಕೆಳತುದಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು. 2025ರ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ. 91.12 ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿತ್ತು. ಕಲಬುರಗಿ ಶೇ. 42.43 ಪಡೆದು ಕೊನೆಯ ಸ್ಥಾನಕ್ಕಿಳಿಯಿತು. ಪಟ್ಟಿ ಕೈಗೆ ಬಂದೊಡನೆ ಶುರುವಾಗುವುದು ಹೊಣೆಗಾರನ ಹುಡುಕಾಟ. ಆಳಂದದ ಚಹಾದಂಗಡಿಯಲ್ಲಿ, ಅಫಜಲಪುರದ ಬಸ್ ನಿಲ್ದಾಣದಲ್ಲಿ, ಜೇವರ್ಗಿಯ ತಾಲೂಕು ಪಂಚಾಯಿತಿ ಸಭೆಯಲ್ಲಿ ಮಾತು ಬಂದು ನಿಲ್ಲುವುದು ಒಂದೇ ಕಡೆ: 'ಹೊಸ ಹೆಡ್ಮಾಸ್ತರು ಬಂದು ವರ್ಷವಾಯಿತು, ಏನು ಮಾಡಿದರು?'

ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಸಾರ್ವಜನಿಕ ಹೊಣೆ ಹೊತ್ತವನನ್ನು ಜನ ಪ್ರಶ್ನಿಸಲೇಬೇಕು. ಆದರೆ ಉತ್ತರಕ್ಕೆ ಯಾವ ಅಳತೆಗೋಲು ಬಳಸುತ್ತೇವೆ ಎಂಬುದು ನೈತಿಕ ಪ್ರಶ್ನೆ. ಮುರಿದದ್ದನ್ನು ಕಟ್ಟಲು ಬಂದವನನ್ನು, ಕಟ್ಟಿದ್ದನ್ನು ನಡೆಸಿಕೊಂಡು ಹೋಗುವವನ ಅಳತೆಗೋಲಿನಿಂದ ಅಳೆಯಬಹುದೇ? ಎಷ್ಟು ಕಾಲ ಕಾಯಬೇಕು? ಕಾಯುವುದು ಯಾವಾಗ ಸಹನೆ, ಯಾವಾಗ ಬರೀ ಉದಾಸೀನ?

ಈ ಪ್ರಶ್ನೆ ಶಾಲೆಗೆ ಮಾತ್ರ ಸೇರಿದ್ದಲ್ಲ. ದಿವಾಳಿಯಂಚಿನ ಸಹಕಾರ ಸಂಘಕ್ಕೆ ಬಂದ ಹೊಸ ಕಾರ್ಯದರ್ಶಿ, ಜಗಳದಿಂದ ಒಡೆದ ಜಮಾಅತಿಗೆ ಆಯ್ಕೆಯಾದ ಹೊಸ ಅಧ್ಯಕ್ಷ, ಸೋತು ಸುಣ್ಣವಾದ ತಂಡಕ್ಕೆ ಬಂದ ಹೊಸ ತರಬೇತುದಾರ, ಎಲ್ಲರೂ ಒಂದೇ ತಕ್ಕಡಿಯಲ್ಲಿ ಕೂರುವವರು. ಆಟದ ಮೈದಾನದಲ್ಲಿ ಲೆಕ್ಕ ಎಲ್ಲರ ಕಣ್ಣೆದುರೇ ನಡೆಯುವುದರಿಂದ ಅಲ್ಲಿಂದಲೇ ವಿಚಾರ ಆರಂಭಿಸುವುದು ಅನುಕೂಲ.

ರಹೀಂ ಸಾಹೇಬರ ಎರಡು ಸೋಲು

ಆಳಂದ, ಅಫಜಲಪುರ, ಜೇವರ್ಗಿ ಮೂರೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆ ರಾಜ್ಯದ ರಾಜಧಾನಿಯಲ್ಲಿ ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಮಾಸ್ತರರಿದ್ದರು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರ. ಹೈದರಾಬಾದ್ ಸಿಟಿ ಪೊಲೀಸ್ ಫುಟ್ಬಾಲ್ ತಂಡ ಅವರ ಗರಡಿಯಲ್ಲಿ ಪಳಗಿ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಪೊಲೀಸ್ ಕಾರ್ಯಾಚರಣೆ ನಡೆದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಹೈದರಾಬಾದಿನ ಹೆಸರು ಸುದ್ದಿಯಲ್ಲಿ ಬರುವುದೆಂದರೆ ನೋವಿನ ಸಂಗತಿಗಳಿಗಾಗಿಯೇ ಎಂಬ ಕಾಲದಲ್ಲಿ ಈ ಮಾಸ್ತರರು ಆ ಊರಿಗೆ ಬೇರೊಂದು ಹೆಸರು ತಂದರು.

ಭಾರತ ತಂಡದ ಹೊಣೆಯೂ ಅವರಿಗೆ ಬಂತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್. ಅಲ್ಲಿ ಯುಗೊಸ್ಲಾವಿಯದ ಎದುರು ಭಾರತ 10-1ರಿಂದ ಸೋತಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್.

1952ರಲ್ಲಿ ಯಾರಾದರೂ ರಹೀಂ ಸಾಹೇಬರ ಕೆಲಸಕ್ಕೆ ಅಂಕ ಹಾಕಿದ್ದರೆ ಎಷ್ಟು ಕೊಡುತ್ತಿದ್ದರು? ಹತ್ತು ಗೋಲು ತಿಂದ ತಂಡದ ತರಬೇತುದಾರನಿಗೆ ಸೊನ್ನೆಯೇ ಗತಿ. ಆದರೆ ಆ ಸೋಲು ಹಲವು ಕಾಯಿಲೆಗಳನ್ನು ಒಟ್ಟಿಗೆ ಹೊರಹಾಕಿತು. ಬರಿಗಾಲಿನ ಆಟದ ಕಾಲ ಮುಗಿಯಿತು. ರಹೀಂ ಸಾಹೇಬರು ಯುರೋಪಿನ ತಂಡಗಳ ಆಟದ ವಿನ್ಯಾಸವನ್ನು ಗಮನವಿಟ್ಟು ಅಭ್ಯಾಸ ಮಾಡಿದರು. ಬಲಗಾಲು ಮಾತ್ರ ಪಳಗಿದವರಿಗೆ ಎಡಗಾಲೂ ಬರಲೆಂದು, ಬಲಹೀನ ಕಾಲಿನಲ್ಲೇ ಆಡಬೇಕಾದ ಪಂದ್ಯಗಳನ್ನು ಏರ್ಪಡಿಸಿದರು. ಚೆಂಡನ್ನು ಒಬ್ಬನೇ ಇಟ್ಟುಕೊಂಡು ಓಡುವ ಚಟ ಬಿಡಿಸಲು, ಚೆಂಡು ಬಂದೊಡನೆ ಇನ್ನೊಬ್ಬನಿಗೆ ಕೊಡಲೇಬೇಕೆಂಬ ನಿಯಮದ ಪಂದ್ಯಗಳನ್ನು ನಡೆಸಿದರು. ಇವೆಲ್ಲ ಪತ್ರಿಕೆಯ ಅಂಕಪಟ್ಟಿಯಲ್ಲಿ ಕಾಣುವ ಕೆಲಸಗಳಲ್ಲ.

ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್. ನಮ್ಮ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಾಗಿತ್ತು. 1956ರ ಡಿಸೆಂಬರ್ 1ರಂದು ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಸೆಮಿಫೈನಲಿನಲ್ಲಿ ಮತ್ತೆ ಅದೇ ಯುಗೊಸ್ಲಾವಿಯ. ಮೊದಲ ಗೋಲು ಭಾರತದ್ದು, ಕೊನೆಗೆ ಸೋಲು 4-1ರಿಂದ. ಮೂರನೆಯ ಸ್ಥಾನದ ಪಂದ್ಯವನ್ನೂ ಸೋತು ಭಾರತ ನಾಲ್ಕನೆಯದಾಯಿತು.

ಪದಕಗಳ ಪಟ್ಟಿ ನೋಡುವವನಿಗೆ 1952ರಲ್ಲೂ ಸೊನ್ನೆ, 1956ರಲ್ಲೂ ಸೊನ್ನೆ. ಯುಗೊಸ್ಲಾವಿಯದ ಎದುರು ಆಗಲೂ ಸೋಲು, ಈಗಲೂ ಸೋಲು. ಆದರೆ ಎರಡೂ ಒಂದೇ ಸೋಲಲ್ಲ. ಹತ್ತು ಗೋಲು ತಿಂದವರು ಅದೇ ಎದುರಾಳಿಯ ಮೇಲೆ ಮೊದಲ ಗೋಲು ಹೊಡೆಯುವ ಮಟ್ಟಕ್ಕೆ ಬಂದರಲ್ಲ, ಆ ನಡುವಿನ ದೂರವೇ ಗುರುವಿನ ಕೆಲಸ. ಫಲಿತಾಂಶವೆಂಬುದು ತಂಡ ನಿಂತ ಜಾಗವನ್ನು ಹೇಳುತ್ತದೆ, ಎಲ್ಲಿಂದ ಹೊರಟು ಬಂತು ಎಂಬುದನ್ನು ಹೇಳುವುದಿಲ್ಲ.

1962ರ ಜಕಾರ್ತಾದ ಕಥೆ ಈಗ ಹಲವರಿಗೆ ಗೊತ್ತು, 2024ರಲ್ಲಿ ಬಂದ 'ಮೈದಾನ್' ಹಿಂದಿ ಚಲನಚಿತ್ರದಿಂದಾಗಿ. ಶ್ವಾಸಕೋಶದ ಕ್ಯಾನ್ಸರ್ ದೇಹವನ್ನು ತಿನ್ನುತ್ತಿದ್ದಾಗ ರಹೀಂ ಸಾಹೇಬರು ತಂಡದೊಂದಿಗೆ ಹೋದರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಎದುರು 2-0 ಸೋಲು. ಸೆಪ್ಟೆಂಬರ್ 4ರ ಫೈನಲಿನಲ್ಲಿ ಅದೇ ದಕ್ಷಿಣ ಕೊರಿಯಾದ ಎದುರು 2-1 ಗೆಲುವು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರನ್ನು ರಹೀಂ ಸಾಹೇಬರು ಮುಂಚೂಣಿಗೆ ತಂದಿದ್ದರು. ಅವರೇ ಒಂದು ಗೋಲು ಹೊಡೆದರು. ಇನ್ನೊಂದು ಪಿ.ಕೆ. ಬ್ಯಾನರ್ಜಿಯವರದು. ಮರುವರ್ಷ ಜೂನ್ 11ರಂದು ಮಾಸ್ತರರು ತೀರಿಕೊಂಡರು.

ಕೊನೆಯ ತಂಡಕ್ಕೆ ಮೊದಲ ಆಯ್ಕೆ

ಅದೇ ಮೆಲ್ಬರ್ನ್ ನಗರದಲ್ಲಿ ಜನ ಹುಚ್ಚೆದ್ದು ನೋಡುವ ಬೇರೊಂದು ಫುಟ್ಬಾಲಿದೆ. ಅಂಡಾಕಾರದ ದೊಡ್ಡ ಮೈದಾನ, ಕಡೆಗೆ ಹದಿನೆಂಟು ಜನ, ಕೈಯಿಂದಲೂ ಕಾಲಿನಿಂದಲೂ ಆಡುವ ಉದ್ದುರುಟು ಚೆಂಡು. ಆಸ್ಟ್ರೇಲಿಯನ್ ನಿಯಮಗಳ ಫುಟ್ಬಾಲ್ ಎಂದು ಅದರ ಹೆಸರು. 1956ರ ಒಲಿಂಪಿಕ್ಸಿನಲ್ಲಿ ಅದನ್ನೊಂದು ಪ್ರದರ್ಶನ ಕ್ರೀಡೆಯಾಗಿ ಆಡಿ ತೋರಿಸಿದ್ದರು.

ಅಲ್ಲಿನ ರಿಚ್ಮಂಡ್ ತಂಡ 1980ರ ನಂತರ ಪ್ರಶಸ್ತಿಯ ಮುಖ ನೋಡಿರಲಿಲ್ಲ. 2009ರ ಕೊನೆಯಲ್ಲಿ ಡೇಮಿಯನ್ ಹಾರ್ಡ್‌ವಿಕ್ ಎಂಬವರನ್ನು ಹೊಸ ತರಬೇತುದಾರರಾಗಿ ತಂದರು. 2010ರಲ್ಲಿ ಮೊದಲ ಒಂಬತ್ತು ಪಂದ್ಯಗಳನ್ನೂ ತಂಡ ಸೋತಿತು. ಹದಿನಾರು ತಂಡಗಳಲ್ಲಿ ಹದಿನೈದನೆಯ ಸ್ಥಾನ. ಆಮೇಲೆ ನಿಧಾನವಾಗಿ ಮೇಲೇರಿ 2013, 2014, 2015ರಲ್ಲಿ ಅಂತಿಮ ಸುತ್ತಿಗೆ ಬಂತು, ಮೂರು ಬಾರಿಯೂ ಮೊದಲ ಪಂದ್ಯದಲ್ಲೇ ಹೊರಬಿತ್ತು. 2016ರಲ್ಲಿ ಮತ್ತೆ ಹದಿಮೂರನೆಯ ಸ್ಥಾನಕ್ಕೆ ಕುಸಿಯಿತು. ಏಳು ವರ್ಷ ಕೊಟ್ಟೆವು, ಸಾಕು ಎಂಬ ಕೂಗೆದ್ದಿತು. ಕ್ಲಬ್ಬಿನ ಆಡಳಿತ ತನ್ನ ಕೆಲಸವನ್ನೆಲ್ಲ ಪರಿಶೀಲನೆಗೆ ಒಡ್ಡಿತು, ಆದರೆ ತರಬೇತುದಾರನನ್ನು ಉಳಿಸಿಕೊಂಡಿತು. 2017ರಲ್ಲಿ ರಿಚ್ಮಂಡ್ ಚಾಂಪಿಯನ್. 2019 ಮತ್ತು 2020ರಲ್ಲಿ ಮತ್ತೆ. ಆ ಮೂರೂ ಗೆಲುವುಗಳಲ್ಲಿ ಬಚಾರ್ ಹೂಲಿ ಎಂಬ ಲೆಬನಾನ್ ಮೂಲದ ಮುಸ್ಲಿಂ ಆಟಗಾರನಿದ್ದ. ಧರ್ಮನಿಷ್ಠೆಯನ್ನು ಮುಚ್ಚಿಡದೆ ಆ ಆಟದ ಉತ್ತುಂಗ ತಲುಪಿದವನು. ಬೇರೆ ತಂಡದಲ್ಲಿ ಹೆಚ್ಚು ಅವಕಾಶ ಸಿಗದಿದ್ದ ಅವನು 2011ರಲ್ಲಿ ರಿಚ್ಮಂಡಿನಲ್ಲಿ ಆಡತೊಡಗಿದಾಗ ಅದು ಪಟ್ಟಿಯ ತಳದಲ್ಲಿದ್ದ ತಂಡ.

ಈ ಕಥೆಯಿಂದ 'ತಾಳಿದವನು ಬಾಳಿಯಾನು' ಎಂಬ ಪಾಠ ತೆಗೆದು ಸುಮ್ಮನಾಗಬಹುದು. ಆದರೆ ಅದು ಪೂರ್ತಿ ಸತ್ಯವಲ್ಲ. ಏಳು ವರ್ಷ ಕಾದು ಏನೂ ಸಿಗದ ತಂಡಗಳೂ ಇವೆ, ಅವುಗಳ ಕಥೆಯನ್ನು ಯಾರೂ ಹೇಳುವುದಿಲ್ಲ. ರಿಚ್ಮಂಡಿನವರು 2016ರಲ್ಲಿ ಸುಮ್ಮನೆ ಕಾಯಲಿಲ್ಲ. ಎಲ್ಲಿ ತಪ್ಪಿದೆ ಎಂದು ಹುಡುಕಿದರು. ತರಬೇತುದಾರನೂ ತನ್ನ ರೀತಿ ಬದಲಿಸಿಕೊಂಡ. ಆಟಗಾರರು ತಮ್ಮ ಬದುಕಿನ ಕಷ್ಟಗಳನ್ನು ಪರಸ್ಪರರೆದುರು ಹೇಳಿಕೊಳ್ಳುವ ಕೂಟಗಳು ನಡೆದವು. ಪ್ರಶ್ನೆ ಕೇಳುತ್ತಲೇ ಕಾಯುವುದು ಬೇರೆ, ಕಣ್ಣು ಮುಚ್ಚಿ ಕಾಯುವುದು ಬೇರೆ.

ಇನ್ನೂ ಮುಖ್ಯವಾದ ಸಂಗತಿ ಆ ಆಟದ ನಿಯಮದಲ್ಲೇ ಇದೆ. ಪ್ರತಿ ವರ್ಷ ಹೊಸ ಹುಡುಗರನ್ನು ತಂಡಗಳಿಗೆ ಹಂಚುವಾಗ, ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. 1986ರಿಂದ ಈ ಪದ್ಧತಿಯಿದೆ. ತಳಕ್ಕೆ ಬಿದ್ದವನಿಗೆ ಬೈಗುಳವಷ್ಟೇ ಕೊಟ್ಟರೆ ಆಟವೇ ಸಾಯುತ್ತದೆ ಎಂದು ಅರಿತವರು ಮಾಡಿದ ನಿಯಮ ಇದು.

ನಮ್ಮಲ್ಲಿ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಹತ್ತು ವರ್ಷದ ನಂತರ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಕಾಗದದ ಮೇಲೆ ಅದೂ 'ಕೊನೆಯವನಿಗೆ ಮೊದಲ ಆಯ್ಕೆ' ಎಂಬ ತತ್ವವೇ. ಆದರೆ ಶಾಲೆಯ ಮಟ್ಟದಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಅನುಭವಿ ಶಿಕ್ಷಕ ನಗರದ ಕಡೆಗೆ ವರ್ಗಾವಣೆ ಕೇಳುತ್ತಾನೆ. ಗಡಿಭಾಗದ ಹಳ್ಳಿಯ ಶಾಲೆಯಲ್ಲಿ ಗಣಿತ, ಇಂಗ್ಲಿಷ್ ಹುದ್ದೆ ಖಾಲಿ ಬೀಳುತ್ತದೆ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಮೊದಲ ಪಾಠಗಳು ಕಳೆದಿರುತ್ತವೆ. ಕೊನೆಯ ತಂಡಕ್ಕೆ ಇಲ್ಲಿ ಕೊನೆಯ ಆಯ್ಕೆ. ಬೇಕಾದದ್ದನ್ನು ಕೊಡದೆ ಹೊಣೆಯನ್ನು ಮಾತ್ರ ಪೂರ್ತಿ ಕೊಡುವುದು ನ್ಯಾಯವಲ್ಲ. ಅಳೆಯುವವನು ಮೊದಲು ತಾನು ಏನು ಕೊಟ್ಟೆ ಎಂದು ಲೆಕ್ಕ ಹಾಕಬೇಕು.

ಗೆರೆಯಂಚಿನ ಕ್ಯಾಚು

ರಾಹುಲ್ ದ್ರಾವಿಡ್ ನಾಯಕರಾಗಿದ್ದಾಗ 2007ರಲ್ಲಿ ವೆಸ್ಟ್ ಇಂಡೀಸಿನಲ್ಲಿ ನಡೆದ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಭಾರತ ಹೊರಬಿತ್ತು. 2021ರ ನವೆಂಬರಿನಲ್ಲಿ ಅವರು ಭಾರತ ತಂಡದ ತರಬೇತುದಾರರಾದರು. 2022ರ ಟಿ20 ವಿಶ್ವಕಪ್ ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ಎದುರು ಹತ್ತು ವಿಕೆಟ್ ಸೋಲು. 2023ರಲ್ಲಿ ಸತತ ಹತ್ತು ಪಂದ್ಯ ಗೆದ್ದು ನವೆಂಬರ್ 19ರಂದು ಅಹಮದಾಬಾದಿನ ಫೈನಲಿನಲ್ಲಿ ಸೋಲು. ಅವರ ಅವಧಿ ಅಲ್ಲಿಗೆ ಮುಗಿದಿತ್ತು, ಆಮೇಲೆ ವಿಸ್ತರಣೆಯಾಯಿತು. 2024ರ ಜೂನ್ 29ರಂದು, ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಕೊನೆಯ ಓವರಿಗೆ ದಕ್ಷಿಣ ಆಫ್ರಿಕಾಕ್ಕೆ 16 ರನ್ ಬೇಕಿತ್ತು. ಮಿಲ್ಲರ್ ಹೊಡೆದ ಮೊದಲ ಚೆಂಡನ್ನು ಸೂರ್ಯಕುಮಾರ್ ಯಾದವ್ ಗೆರೆಯಂಚಿನಲ್ಲಿ ಹಿಡಿದು, ಮೇಲಕ್ಕೆ ಎಸೆದು, ಗೆರೆ ದಾಟಿ ಮರಳಿ ಬಂದು ಹಿಡಿದರು. ಭಾರತ ಏಳು ರನ್ನಿನಿಂದ ಗೆದ್ದಿತು.

ಆ ಕಾಲು ನಾಲ್ಕು ಬೆರಳಿನಷ್ಟು ಆಚೆ ಬಿದ್ದು ಗೆರೆಗೆ ತಾಗಿದ್ದರೆ? ದ್ರಾವಿಡ್ ಅವರ ಎರಡೂವರೆ ವರ್ಷದ ಕೆಲಸ, ಆಟಗಾರರನ್ನು ಬೆಳೆಸಿದ ರೀತಿ ಒಂದು ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದುದು ನಮ್ಮ ತೀರ್ಪು ಮಾತ್ರ. 'ಒಳ್ಳೆಯ ಮನುಷ್ಯ, ಆದರೆ ಗೆಲ್ಲಿಸಲಾರ' ಎನ್ನುತ್ತಿದ್ದೆವು. ವ್ಯಕ್ತಿಯ ಕೈಯಲ್ಲಿಲ್ಲದ ಸಂಗತಿಯಿಂದ ಅವನ ಯೋಗ್ಯತೆಯನ್ನು ನಿರ್ಧರಿಸುವ ಈ ವಿಚಿತ್ರಕ್ಕೆ ತತ್ವಶಾಸ್ತ್ರಜ್ಞರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚೆ ನಡೆಸಿದರು.

ನಮ್ಮ ಹೆಡ್ಮಾಸ್ತರರಿಗೂ ಇದು ಅನ್ವಯಿಸುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿಯ ನದಿದಂಡೆಯ ಹಳ್ಳಿಗಳು ಮುಳುಗಿದವು. ದಸರಾ, ದೀಪಾವಳಿ ಕಳೆದೊಡನೆ ಕಬ್ಬು ಕಡಿಯಲೆಂದೋ ಕಟ್ಟಡದ ಕೆಲಸಕ್ಕೆಂದೋ ಗುಳೆ ಹೋಗುವ ಕುಟುಂಬಗಳ ಜೊತೆ ಮಕ್ಕಳೂ ಹೋಗುತ್ತಾರೆ. ತೊಗರಿ ಕೊಯ್ಲಿನ ದಿನಗಳಲ್ಲಿ ತರಗತಿ ಅರ್ಧ ಖಾಲಿ. ಇವು ಯಾವುವೂ ಅಂಕಪಟ್ಟಿಯಲ್ಲಿ ಬರುವುದಿಲ್ಲ.

ಹಾಗಾದರೆ ಅಂಕಿಯನ್ನೇ ನಂಬಬಾರದೇ? ಅಂಕಿ ಬೇಕು. ಆದರೆ ಅಂಕಿಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ರಾಜ್ಯದ್ದೇ ಉದಾಹರಣೆಯಿದೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ಕಣ್ಣಿಟ್ಟು ವೆಬ್‌ಕಾಸ್ಟಿಂಗ್ ನಡೆಸಿದಾಗ, ಕೃಪಾಂಕ ಹೆಚ್ಚಿಸಿದ ಮೇಲೂ ಅದು ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಕೆಟ್ಟವರಾದರೇ? ನಕಲಿಗೆ ಬಾಗಿಲು ತೆರೆದಿಟ್ಟ ಕಡೆ ಹಿಂದೆ 'ಯಶಸ್ವಿ' ಎನಿಸಿಕೊಂಡವರಿದ್ದರು. ಬಾಗಿಲು ಮುಚ್ಚಿದ ಪ್ರಾಮಾಣಿಕನ ಶಾಲೆ ಪಟ್ಟಿಯಲ್ಲಿ ಕೆಳಗಿತ್ತು. ಅಂಕಿಯೊಂದನ್ನೇ ಪೂಜಿಸುವ ಸಮಾಜ ಅಂಕಿಯನ್ನು ಸುಳ್ಳಾಗಿಸುವವನನ್ನೇ ಸನ್ಮಾನಿಸುತ್ತದೆ.

ನಿಯ್ಯತ್ತು, ಫಲ ಮತ್ತು ನಡುವಿನ ದುಡಿಮೆ

ಇದಕ್ಕೆ ವಿರುದ್ಧ ತುದಿಯ ವಾದವೂ ಇದೆ. 'ಅವರ ನಿಯ್ಯತ್ತು ಒಳ್ಳೆಯದಿತ್ತು, ಫಲ ದೇವರ ಕೈಯಲ್ಲಿದೆ' ಎಂಬುದು. ಕರ್ಮಗಳು ಉದ್ದೇಶದ ಮೇಲೆ ನಿಂತಿವೆ ಎಂಬ ಬೋಧನೆ ಪ್ರತಿಯೊಬ್ಬ ಮುಸ್ಲಿಮನಿಗೂ ಗೊತ್ತು. ಫಲದ ಆಸೆಯಿಲ್ಲದೆ ಕರ್ತವ್ಯ ಮಾಡು ಎಂಬ ಮಾತು ಹಿಂದೂ ಸಹೋದರರ ಬಾಯಲ್ಲೂ ಇದೆ. ಆದರೆ ಈ ಬೋಧನೆಗಳು ಕೆಲಸ ಮಾಡುವವನನ್ನು ಉದ್ದೇಶಿಸಿದವು. ಹುದ್ದೆಯಲ್ಲಿದ್ದವನ ಸೋಮಾರಿತನಕ್ಕೆ ಸಮಜಾಯಿಷಿ ಒದಗಿಸಲು ಬಂದವುಗಳಲ್ಲ. ಎದೆಯೊಳಗಿನ ನಿಯ್ಯತ್ತನ್ನು ತಿಳಿಯುವವನು ಅಲ್ಲಾಹ ಒಬ್ಬನೇ. ಮನುಷ್ಯರಾದ ನಮಗೆ ಅದನ್ನು ತೂಗುವ ತಕ್ಕಡಿಯೂ ಇಲ್ಲ, ಅಧಿಕಾರವೂ ಇಲ್ಲ.

ಹೀಗೆ ನಿಯ್ಯತ್ತು ನಮ್ಮ ಕಣ್ಣಿಗೆ ಕಾಣದು. ಫಲ ಅವನ ಕೈಯಲ್ಲಿ ಪೂರ್ತಿ ಇಲ್ಲ. ಉಳಿಯುವುದು ಎರಡರ ನಡುವಿನ ದುಡಿಮೆ. ಅದು ಕಣ್ಣಿಗೂ ಕಾಣುತ್ತದೆ, ಅವನ ಕೈಯಲ್ಲೂ ಇದೆ. ಆದ್ದರಿಂದ ನ್ಯಾಯವಾದ ಅಳತೆ ಆರಂಭವಾಗಬೇಕಾದದ್ದು ಅಲ್ಲಿಂದ.

ಕಲಬುರಗಿ ಸೀಮೆಯ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವನು ಮುಂಗಾರಿನಲ್ಲಿ ಹೆಸರನ್ನೂ ತೊಗರಿಯನ್ನೂ ಜೊತೆಯಾಗಿ ಬಿತ್ತುತ್ತಾನೆ. ಹೆಸರು ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಆಗ ತೊಗರಿ ಇನ್ನೂ ಮೊಣಕಾಲುದ್ದ, ಹೂವೂ ಇಲ್ಲ. ಹೆಸರಿನ ರಾಶಿ ಮಾಡುವ ಹೊತ್ತಿನಲ್ಲಿ ತೊಗರಿಯನ್ನು 'ಫಲ ಕೊಡದ ಬೆಳೆ' ಎಂದು ಯಾವ ರೈತನೂ ಕಿತ್ತು ಹಾಕುವುದಿಲ್ಲ. ಆದರೆ ಅದೇ ರೈತ ಆಗಸ್ಟಿನಲ್ಲೇ ಗಿಡಗಳು ಅಲ್ಲಲ್ಲಿ ಬಾಡಿ ಒಣಗುವುದನ್ನು ಕಂಡರೆ ಜನವರಿಯವರೆಗೆ ಸಬೂರಿ ಎಂದು ಕೂರುವುದೂ ಇಲ್ಲ. ಅದು ನೆಟೆ ರೋಗ ಎಂದು ಅವನಿಗೆ ಗೊತ್ತು. ನಿಧಾನವಾಗಿ ಬೆಳೆಯುವ ಗಿಡಕ್ಕೂ ಬೇರು ಕೊಳೆತ ಗಿಡಕ್ಕೂ ವ್ಯತ್ಯಾಸ ಗುರುತಿಸುವುದೇ ಬೇಸಾಯದ ವಿವೇಕ. ಮನುಷ್ಯರನ್ನು ಅಳೆಯುವಾಗಲೂ ಬೇಕಾದದ್ದು ಅದೇ.

ಮಗುವಿಗೆ ಮುಂದಿನ ಹಂಗಾಮು ಇಲ್ಲ

ಆದರೆ ಇಲ್ಲೊಂದು ಗಂಭೀರ ಆಕ್ಷೇಪವಿದೆ. ರಿಚ್ಮಂಡಿನ ಅಭಿಮಾನಿ ಏಳು ವರ್ಷ ಕಾದರೆ ಕಳೆದುಕೊಳ್ಳುವುದು ಕೆಲವು ಸಂಜೆಗಳ ಸಂತೋಷವನ್ನು. ತೊಗರಿ ಈ ವರ್ಷ ಹೋದರೆ ಹೊಲಕ್ಕೆ ಮುಂದಿನ ವರ್ಷವಿದೆ. ಜೇವರ್ಗಿಯ ಹಳ್ಳಿಯೊಂದರ ಹುಡುಗಿಗೆ ಹತ್ತನೆಯ ತರಗತಿ ಒಮ್ಮೆ ಮಾತ್ರ. ಅವಳು ಫೇಲಾದರೆ ಮನೆಯವರು ಓದು ನಿಲ್ಲಿಸುತ್ತಾರೆ. ಗಂಡು ನೋಡಲು ಶುರುಮಾಡುತ್ತಾರೆ, ಇಲ್ಲವೇ ಹೊಲದ ಕೂಲಿಗೆ ಕಳಿಸುತ್ತಾರೆ. 'ಹೊಸ ಗುರುಗಳಿಗೆ ಮೂರು ವರ್ಷ ಕೊಡಿ' ಎಂದು ಉದಾರವಾಗಿ ಹೇಳುವವರು, ಆ ಮೂರು ವರ್ಷದ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿಕೊಂಡಿದ್ದಾರೆಯೇ? ಬೇರೆಯವರ ಮಕ್ಕಳ ಖರ್ಚಿನಲ್ಲಿ ಸಹನೆ ತೋರುವುದು ಸುಲಭ. ತಮ್ಮ ಮಕ್ಕಳನ್ನು ಕಲಬುರಗಿಯ ಖಾಸಗಿ ಶಾಲೆಗೆ ಕಳಿಸಿದವರು ಹಳ್ಳಿಯ ಶಾಲೆಯ ಬಗ್ಗೆ ಸಬೂರಿಯ ಉಪದೇಶ ಕೊಡುವುದು ನೈತಿಕವಾಗಿ ಟೊಳ್ಳು.

ಈ ಆಕ್ಷೇಪಕ್ಕೆ ಉತ್ತರ, ಒಂದೇ ಸಂಸ್ಥೆಯಲ್ಲಿ ಎರಡು ಗಡಿಯಾರಗಳು ನಡೆಯುತ್ತವೆ ಎಂದು ಒಪ್ಪಿಕೊಳ್ಳುವುದು. ಒಂದು ಶಾಲೆಯ ಗಡಿಯಾರ. ಎಂಟನೆಯ ತರಗತಿಗೆ ಬರುವಾಗಲೇ ಓದಲು ಬಾರದ ಮಗುವಿನ ಬುನಾದಿ ಗಟ್ಟಿ ಮಾಡಿ ಹತ್ತಕ್ಕೆ ತರುವಷ್ಟರಲ್ಲಿ ಮೂರು ವರ್ಷ ಬೇಕೇ ಬೇಕು. ಇನ್ನೊಂದು ಈ ವರ್ಷ ಹತ್ತರಲ್ಲಿ ಕುಳಿತ ಮಗುವಿನ ಗಡಿಯಾರ. ಅದಕ್ಕೆ ಉಳಿದಿರುವುದು ಕೆಲವೇ ತಿಂಗಳು. ಒಳ್ಳೆಯ ಗುರು ಎರಡನ್ನೂ ನೋಡುತ್ತಾನೆ. ಮೊದಲನೆಯದನ್ನು ಮರೆತವನು ಹತ್ತನೆಯವರಿಗೆ ಉರು ಹೊಡೆಸಿ ಎಂಟು, ಒಂಬತ್ತನ್ನು ಪಾಳು ಬಿಡುತ್ತಾನೆ. ಎರಡನೆಯದನ್ನು ಮರೆತವನು 'ಈ ಬ್ಯಾಚು ಹೋದ ಹಾಗೆ' ಎಂದು ಕೈ ಚೆಲ್ಲುತ್ತಾನೆ. 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತು. ಮೊದಲನೆಯದರಲ್ಲಿ ಬಿದ್ದ ಮಗುವಿನ ಮನೆಗೆ ಹೋಗಿ, ತಂದೆತಾಯಿಗೆ ಹೇಳಿ, ಎರಡನೆಯದಕ್ಕೆ ಕೂರಿಸಿದವನು ಯಾರು, ಕೂರಿಸದವನು ಯಾರು ಎಂಬುದೇ ಒಂದು ಅಳತೆ. ಜಿಲ್ಲಾವಾರು ಪಟ್ಟಿಯಲ್ಲಿ ಅದು ಬರದಿದ್ದರೂ ಊರಿನವರಿಗೆ ತಿಳಿದಿರುತ್ತದೆ.

ಇಳಿಸುವುದು ಬೇರೆ, ದೂಷಿಸುವುದು ಬೇರೆ

ಸರಿಯಾಗಿ ಅಳೆದ ಮೇಲೂ ಕೆಲವೊಮ್ಮೆ ಬದಲಾವಣೆ ಬೇಕಾಗುತ್ತದೆ. ಆಗ ನಾವು ಮಾಡುವ ದೊಡ್ಡ ಅನ್ಯಾಯ, ಹುದ್ದೆಯಿಂದ ಇಳಿಸಿದವನ ಮಾನವನ್ನೂ ಜೊತೆಗೇ ಇಳಿಸುವುದು. ಖಲೀಫಾ ಉಮರ್(ರ) ಅವರ ಕಾಲದ ಒಂದು ಪ್ರಸಂಗ ಇಲ್ಲಿ ದಾರಿ ತೋರಿಸುತ್ತದೆ. ಕೂಫಾದ ಜನ ತಮ್ಮ ರಾಜ್ಯಪಾಲ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ಮೇಲೆ ದೂರಿತ್ತರು. ಅವರು ಸರಿಯಾಗಿ ನಮಾಝ್ ಮಾಡಿಸುವುದಿಲ್ಲ ಎಂಬಲ್ಲಿಗೂ ದೂರು ಹೋಯಿತು. ಉಮರ್(ರ) ದೂರನ್ನು ತಳ್ಳಿಹಾಕಲಿಲ್ಲ, ಒಮ್ಮೆಲೇ ನಂಬಲೂ ಇಲ್ಲ. ಸಅದ್(ರ) ಅವರನ್ನು ನೇರವಾಗಿ ಕೇಳಿದರು. ಕೂಫಾಕ್ಕೆ ಜನರನ್ನು ಕಳಿಸಿ ಮಸೀದಿ ಮಸೀದಿಗಳಲ್ಲಿ ವಿಚಾರಿಸಿದರು. ಬಹುತೇಕ ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಆದರೂ ಉಮರ್(ರ) ಅವರ ಜಾಗಕ್ಕೆ ಬೇರೆಯವರನ್ನು ನೇಮಿಸಿದರು. ಅಷ್ಟೇ ಆಗಿದ್ದರೆ ಇದು ಸಾಮಾನ್ಯ ವರ್ಗಾವಣೆಯ ಕಥೆ. ತಮ್ಮ ಮರಣಶಯ್ಯೆಯಲ್ಲಿ ಮುಂದಿನ ಖಲೀಫಾನನ್ನು ಆರಿಸಲು ಆರು ಜನರ ಸಮಿತಿ ಮಾಡಿದಾಗ ಉಮರ್(ರ) ಸಅದ್(ರ) ಅವರ ಹೆಸರನ್ನೂ ಸೇರಿಸಿದರು. ತಾನು ಅವರನ್ನು ಇಳಿಸಿದ್ದು ಅಸಾಮರ್ಥ್ಯಕ್ಕಾಗಿಯೂ ಅಲ್ಲ, ವಿಶ್ವಾಸದ್ರೋಹಕ್ಕಾಗಿಯೂ ಅಲ್ಲ ಎಂದು ಸ್ಪಷ್ಟವಾಗಿ ಹೇಳಿದರು.

ಇದರಲ್ಲಿ ಆಡಳಿತಗಾರನಿಗೂ ಜನರಿಗೂ ಪಾಠವಿದೆ. ದೂರು ಬಂದರೆ ವಿಚಾರಣೆ ನಡೆಯಲಿ, ದೂರಲ್ಪಟ್ಟವನ ಮಾತು ಕೇಳಲಿ, ಅವನ ಕೆಲಸ ಕಂಡವರನ್ನು ಅವರ ಜಾಗಕ್ಕೇ ಹೋಗಿ ಕೇಳಲಿ. ಬದಲಾವಣೆ ಅಗತ್ಯವಾದರೆ ಆಗಲಿ. ಆದರೆ ಅವನ ಹೆಸರನ್ನು ಕೆಸರಿನಲ್ಲಿ ಬಿಟ್ಟು ಹೋಗದಿರಲಿ. ಜೇವರ್ಗಿಗೆ, ಆಳಂದಕ್ಕೆ ವರ್ಗವಾಗುವುದೆಂದರೆ 'ಶಿಕ್ಷೆ' ಎಂಬ ಮಾತು ಇಲಾಖೆಗಳಲ್ಲಿ ಚಾಲ್ತಿಗೆ ಬಂದಿರುವುದಕ್ಕೆ ಒಂದು ಕಾರಣ, ಇಲ್ಲಿ ಬಂದು ಎಡವಿದವನ ಮಾನ ಉಳಿಯುವುದಿಲ್ಲ ಎಂಬ ಭಯ. ಮಾನದ ಭಯವಿರುವ ಕಡೆಗೆ ಸಮರ್ಥರು ಬರುವುದಿಲ್ಲ. ಆಗ ನಷ್ಟ ನಮ್ಮ ಮಕ್ಕಳದ್ದೇ.

ನಾವು ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ವರ್ಷದ ಕೊನೆಗೆ ಹೊಸ ಮುಖ್ಯಶಿಕ್ಷಕರ ಬಗ್ಗೆ ನಾವು ಏನು ಕೇಳಬೇಕು? ಮೊದಲನೆಯದು, ಬಂದಾಗ ಶಾಲೆ ಯಾವ ಸ್ಥಿತಿಯಲ್ಲಿತ್ತು? ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಮೊದಲ ತಿಂಗಳೇ ಬರೆದಿಡಬೇಕು. ಹೊರಟ ಜಾಗ ಗೊತ್ತಿಲ್ಲದೆ ನಡೆದ ದೂರ ಅಳೆಯಲಾಗದು. ಎರಡನೆಯದು, ಕೇಳಿದ್ದರಲ್ಲಿ ಎಷ್ಟನ್ನು ಸರಕಾರ, ಪಂಚಾಯಿತಿ, ಊರು ಕೊಟ್ಟಿತು? ಮೂರನೆಯದು, ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ಗೈರುಹಾಜರಾದ ಮಗುವಿನ ಮನೆಗೆ ಯಾರಾದರೂ ಹೋಗುತ್ತಾರೆಯೇ, ಗುಳೆ ಹೋದವರ ಮಕ್ಕಳನ್ನು ಉಳಿಸಿಕೊಳ್ಳಲು ಪ್ರಯತ್ನವಾಗಿದೆಯೇ? ನಾಲ್ಕನೆಯದು, ಸೋಲಿನ ನಂತರ ಅವರು ಮಾತಾಡಿದ್ದು ಹೇಗೆ? ತಪ್ಪನ್ನು ಮಕ್ಕಳ ಮೇಲೆ, ಅವರ ಜಾತಿ, ಬಡತನ, ಮನೆಮಾತಿನ ಮೇಲೆ ಹೊರಿಸಿದರೇ, ಅಥವಾ ಹೆಲ್ಸಿಂಕಿಯ ನಂತರದ ರಹೀಂ ಸಾಹೇಬರಂತೆ ಬಲಹೀನ ಕಾಲನ್ನು ಪಳಗಿಸಲು ಹೊರಟರೇ? ಕೊನೆಯದು, ಅವರು ಹೋದ ಮೇಲೆ ಏನು ಉಳಿಯುತ್ತದೆ?

ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ರಹೀಂ ಸಾಹೇಬರು ತೀರಿಕೊಂಡ ಮೇಲೆ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಫುಟ್ಬಾಲಿನಲ್ಲಿ ಮತ್ತೆ ಚಿನ್ನ ಬರಲಿಲ್ಲ. 1970ರ ಬ್ಯಾಂಕಾಕಿನಲ್ಲಿ ಕಂಚು ಬಂದದ್ದೇ ಕೊನೆ. ಅದು ಅವರ ಸೋಲೇ? ಅಲ್ಲ. ಒಬ್ಬ ಮಾಸ್ತರ ತನ್ನ ಉಸಿರು ತೇದು ಕಟ್ಟಿದ್ದನ್ನು ಪದ್ಧತಿಯಾಗಿ ಉಳಿಸಿಕೊಳ್ಳಬೇಕಾದವರು ಸಂಸ್ಥೆಯವರು. ಗೆದ್ದಾಗ ಹೆಗಲ ಮೇಲೆ ಹೊತ್ತು ಮೆರೆಯುವುದು, ಸೋತಾಗ ಕಲ್ಲೆಸೆಯುವುದು, ಎರಡೂ ಒಂದೇ ರೋಗದ ಲಕ್ಷಣ. ಎರಡರಲ್ಲೂ ನಾವು ನಮ್ಮ ಪಾಲಿನ ಹೊಣೆಯನ್ನು ಒಬ್ಬನ ಮೇಲೆ ಹಾಕಿ ಮನೆಗೆ ಹೋಗುತ್ತೇವೆ.

ಶಾಲೆಗೆ ಹೊಸ ಗುರುಗಳು ಬಂದ ದಿನ ಹಾರ ಹಾಕಿ ಬರುವ ಊರಿನ ಹಿರಿಯರು, ಜಮಾಅತಿನವರು, ಮಠದವರು, ಹಳೆಯ ವಿದ್ಯಾರ್ಥಿಗಳು ಮರುವಾರ ಮತ್ತೆ ಹೋಗಿ 'ಸರ್, ನಿಮಗೆ ಏನು ಬೇಕು?' ಎಂದು ಕೇಳ್ತಾರೆಯೇ? ಕೇಳಿದವರಿಗೆ, ಫಲಿತಾಂಶದ ದಿನ 'ಏನು ಮಾಡಿದಿರಿ?' ಎಂದು ಕೇಳುವ ಹಕ್ಕೂ ಇರುತ್ತದೆ.